ಐದು ಮನೆಯ ಒಲೆ

“ಇನ್ನೊಂದ ಹಾಕಲೇನ್ರಿ?” ಎಂದು ಕೇಳುವುದರೊಳಗೆ ಲಕ್ಕಪ್ಪ ಹರಳನ್ನು ಬಟ್ಟಲಿಗೆ ಬಿಟ್ಟೇಬಿಟ್ಟಿದ್ದ.

ಹಿತ್ತಾಳೆಯ ಬಟ್ಟಲು ಟಣ್ಣೆನ್ನಲಿಲ್ಲ. ಮೊದಲೇ ಒಳಗಿದ್ದ ಹರಳುಗಳ ಮೇಲೆ ಕೂತು ಹೊಸ ಹರಳು ಕರಕ್ಕೆಂದಿತು. ಪರಪ್ಪ ಬಗ್ಗಿ ನೋಡಿದ. ಹೊಳೆಯಲ್ಲಿ ಆರಿಸಿದ ನುಣುಪು ಹರಳುಗಳು. ಅವುಗಳ ನಡುವಿನ ಸಂದಿಯಷ್ಟೇ ಈಗ ಅವನ ಪಾಲು.

“ಹಾಕಿದ ಮ್ಯಾಲೆ ಕೇಳತಿಯಲ್ಲೋ,” ಎಂದ.

“ಕೇಳೂದು ರೀತಿ ಐತ್ರಿ. ಹಾಕೂದು ದುಂಡಪ್ಪ ಕಾಕಾರ ಹುಕುಂ. ಆದ್ರ ಸಂಜೀಕ ಬಟ್ಟಲ ತುಂಬ ಕೊಡ್ತೇನಿ ನೋಡ್ರಿ. ಲಕ್ಕಪ್ಪ ಡಾಕ್ಟರ್ರಿಗೆ ಕಡಿಮಿ ಕೊಟ್ಟ ಅಂತ ನಾಳಿ ಯಾರೂ ಅನ್ನಬಾರ್ದು.”

ಲಕ್ಕಪ್ಪ ನಗಲಿಲ್ಲ. ಕುರಿ ಮಾರುವಾಗಲೂ ಅವನು ಹೀಗೆಯೇ, ನಗದೆ ನಗಿಸುವವನು. ಬಟ್ಟಲನ್ನು ಒರೆಸಿ, ಕುರಿಹಟ್ಟಿಯ ಗೋಡೆಯ ಗೂಡಿನಲ್ಲಿಟ್ಟ. ಅದರ ಹಿಂದೆ ಸಾರಾಯಿ ಶೀಸೆ ಇತ್ತು. ಲಿಂಗಪೂಜೆ ನಡೆಯುವ ಮನೆಗಳಲ್ಲಿ ಅದನ್ನು ಇಡುವಂತಿರಲಿಲ್ಲ. ನಮ್ಮ ಬೀರಪ್ಪ ದೇವರಿಗೆ ಅದರ ಮ್ಯಾಲೆ ಏನೂ ಸಿಟ್ಟಿಲ್ರಿ ಎಂದು ಲಕ್ಕಪ್ಪ ತಾನಾಗಿ ಮುಂದೆ ಬಂದಿದ್ದ.

ಇದೆಲ್ಲ ಮುದಲಗಿಯ ಆ ಓಣಿಯವರು ಕೂಡಿ ಮಾಡಿದ ವ್ಯವಸ್ಥೆ. ಹೋದ ಬೇಸಗೆಯಲ್ಲಿ ಪರಪ್ಪ ದುಂಡಪ್ಪನ ಮನೆಯ ಮೆಟ್ಟಿಲ ಮೇಲೆ ಬಿದ್ದು ಹಲ್ಲು ಕಚ್ಚಿ ಒದ್ದಾಡಿದ್ದ. ನಿಡಸೋಸಿಯ ಕಡೆಯಿಂದ ಬಂದ ವೈದ್ಯರು ನಾಡಿ ನೋಡಿ, ಕುಡಿತವನ್ನು ಒಮ್ಮೆಗೇ ಬಿಡಿಸಿದರೆ ಜೀವ ಉಳಿಯದು, ಇಳಿಸುತ್ತ ಬರ್ರಿ ಎಂದಿದ್ದರು. ಆ ಸಂಜೆ ದುಂಡಪ್ಪ, ಕಿರಾಣಿ ಅಂಗಡಿಯ ವೀರಪ್ಪ, ಮಗ್ಗದ ಮಾಲಿಂಗಪ್ಪ, ಲಕ್ಕಪ್ಪ ಕೂತು ಮಾತಾಡಿದರು. ಪರಪ್ಪನೂ ಅಲ್ಲೇ ಕೂತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

“ನಿನ್ನ ಕಾಯಾಕ ನಾವು ಪೋಲೀಸರಲ್ಲಪಾ,” ಎಂದಿದ್ದ ದುಂಡಪ್ಪ ಕೊನೆಗೆ. “ಸಂಜೀಕ ಲಕ್ಕಪ್ಪ ಕೊಟ್ಟಷ್ಟು ತಗೋ. ಆದ್ರ ಹೊರಗ ಮುಟ್ಟಿದ ದಿನ ನಮ್ಮ ನಾಕೂ ಮನಿ ಒಲಿ ಆರತಾವ. ನಿನ್ನದು ಸೇರಿ ಐದು. ಮುದುಕರು ಹುಡುಗರು ಯಾರೂ ಉಣ್ಣೂದಿಲ್ಲ. ನೀ ತಿರುಗಿ ಬರೂತನಕ ದಿನಾ ಕಾಯತೇವಿ. ಬಂದು ಪದ್ಯದ ಅರ್ಥ ಹೇಳು. ಹೇಳಿದಿ ಅಂದ್ರ ಮುಟ್ಟಿಲ್ಲ ಅಂತ ತಿಳೀತೇವಿ. ಬಾಯಿ ಮೂಸಿ ನೋಡೂದಿಲ್ಲ.”

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಸಿಡುಬಿನ ಲಸಿಕೆ ಹಾಕುವ ಸರ್ಕಾರಿ ಕೆಲಸ ಹಿಡಿದ ಪರಪ್ಪ ಆ ಓಣಿಯಲ್ಲಿ ಪುರಾಣಕ್ಕೆ ಅರ್ಥ ಹೇಳುವವನು. ದುಂಡಪ್ಪ ಪದ್ಯ ಹಾಡುತ್ತಿದ್ದ, ಇವನು ಬಿಡಿಸುತ್ತಿದ್ದ. ಕುಡಿದ ಬಾಯಿಂದ ಪದ್ಯ ಬಿಡಿಸುವ ಧೈರ್ಯ ಯಾವ ಮನುಷ್ಯನಿಗೂ ಇರುವುದಿಲ್ಲ ಎಂಬುದು ದುಂಡಪ್ಪನ ನಂಬಿಕೆ. ಪರಪ್ಪನಿಗೆ ಅಂಥ ನಂಬಿಕೆ ಯಾವುದೂ ಇರಲಿಲ್ಲ. ಆದರೂ ಈವರೆಗೆ ಒಲೆ ಆರಿರಲಿಲ್ಲ. ಯಾಕೆ ಆರಿರಲಿಲ್ಲ ಎಂದು ಅವನು ಕೆಲವೊಮ್ಮೆ ಕೇಳಿಕೊಳ್ಳುತ್ತಿದ್ದ. ಉತ್ತರ ಸಿಗದಿದ್ದಾಗ ಸುಸ್ತಾಗಿ ಮಲಗುತ್ತಿದ್ದ.

ಮನೆಗೆ ಬಂದಾಗ ಹೆಂಡತಿ ಸಾವಂತ್ರೆವ್ವ ರೊಟ್ಟಿ ಕಟ್ಟಿಟ್ಟಿದ್ದಳು.

“ಯಾವೂರ ಇವತ್ತ?”

“ಕಲ್ಲೋಳಿ.”

“ಅಂಕಲಗ್ಯಾಗ ಅಮ್ಮ ಆಡಾಕತ್ತಾಳಂತಲ್ರಿ. ಎರಡ ಕೂಸು ಹೋದುವಂತ.”

“ಅದಕ್ಕ ಹೊಂಟೇನಿ. ಇತ್ತಾಕಡೆ ಬರೂದ್ರಾಗ ಹಾಕಬೇಕು.”

“ಹೊತ್ತ ಮುಣಗೂದ್ರಾಗ ಬರ್ತೀರಲ್ಲ?”

ಅವನು ಪೆಟ್ಟಿಗೆ ತೆರೆದು ನೋಡಿದ. ಗಾಜಿನ ನಳಿಗೆಗಳಲ್ಲಿ ಲಸಿ, ಹತ್ತಿ, ಸಣ್ಣ ಶಸ್ತ್ರ, ಅದನ್ನು ಕಾಯಿಸುವ ದೀಪ, ದೀಪಕ್ಕೆಂದು ಸರ್ಕಾರ ಕೊಟ್ಟ ಸ್ಪಿರಿಟ್ಟಿನ ಶೀಸೆ. ಆ ಶೀಸೆಗೆ ಅವನು ಎಂದೂ ಬಾಯಿ ಹಚ್ಚಿರಲಿಲ್ಲ. ತನ್ನಲ್ಲಿ ಉಳಿದಿರುವ ಶೀಲವೆಂದರೆ ಇದೊಂದೇ ಇರಬೇಕು ಎಂದು ಅವನಿಗೆ ಅನಿಸುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ.

“ಹುಡುಗೂರು ಹಸದ ಕೂಡತಾವ್ರಿ,” ಎಂದಳು ಸಾವಂತ್ರೆವ್ವ ಬಾಗಿಲಲ್ಲಿ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ಅವಳು ಹೇಳಿದ್ದು ಓಣಿಯ ಮಕ್ಕಳನ್ನು ಕುರಿತು.

“ಗೊತ್ತೈತಿ,” ಎಂದು ಸೈಕಲ್ಲು ಹತ್ತಿದ.

ಪೇಟೆಯಲ್ಲಿ ಗಾಂಧಿ ಟೊಪ್ಪಿಗೆಯವರಿಬ್ಬರು ಸೆರೆ ಅಂಗಡಿಯ ಎದುರು ನಿಂತು ಬಂದವರಿಗೆಲ್ಲ ಕೈಮುಗಿಯುತ್ತಿದ್ದರು. ಪರಪ್ಪನಿಗೂ ಮುಗಿದರು. ಅವನು ಸುಮ್ಮನೆ ದಾಟಿ ಹೋಗುತ್ತಿದ್ದ. ಅವರು ಕೈಮುಗಿದದ್ದರಿಂದ ತಾನು ಅಂಗಡಿಗೆ ಬಂದಿದ್ದೆನೇನೋ ಎಂದು ಅವನಿಗೇ ಒಂದು ಕ್ಷಣ ಸಂಶಯವಾಯಿತು. ತಿರುಗಿ ತಾನೂ ಕೈಮುಗಿಯಬೇಕೋ ಎಂದು ಯೋಚಿಸುವಷ್ಟರಲ್ಲಿ ಅಂಗಡಿ ಹಿಂದೆ ಉಳಿದಿತ್ತು.

ದಾರಿಯುದ್ದಕ್ಕೂ ಜೋಳ ನಿಂತಿತ್ತು. ತೆನೆ ಕಾಯುವವರ ಕೂಗು ಆಗಾಗ ಕೇಳುತ್ತಿತ್ತು. ಐದು ಮನೆಯ ಹೊಟ್ಟೆಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದೇನೆ ಎಂದುಕೊಂಡ. ಕುಡಿಯುತ್ತಿದ್ದ ಕಾಲದಲ್ಲಿ ಅವನಿಗೆ ಯಾವ ಭಾರವೂ ಇರಲಿಲ್ಲ. ಆಗ ಅವನನ್ನು ಕಂಡರೆ ಜನ ಬೈಯುತ್ತಿದ್ದರು, ಅಷ್ಟೇ. ಈಗ ಪ್ರೀತಿಸುತ್ತಾರೆ. ಪ್ರೀತಿಸುವವರ ಎದುರು ಬಿದ್ದುಕೊಳ್ಳಲೂ ಬರುವುದಿಲ್ಲ.

ಕಲ್ಲೋಳಿಯ ಅಗಸಿಬಾಗಿಲಲ್ಲಿ ಊರ ಚಾಕರಿಯ ವಾಲಿಕಾರ ಹೊಳೆಪ್ಪ ಕಾಯುತ್ತಿದ್ದ.

“ಬರ್ರಿ ಡಾಕ್ಟರ್ರ. ಈ ಸಲ ಸೈಕಲ್ಲ ನೆಟ್ಟಗ ಬಂತಲ್ರಿ. ಹ್ವಾದ ವರ್ಷ ಗೌಡ್ರ ತಿಪ್ಪಿ ಮಾತಾಡಿಸಿ ಬಂದಿತ್ತು.”

“ಬಿಟ್ಟೇನಿ.”

“ಸೈಕಲ್ಲ?”

“ಕುಡಿಯೂದು. ಕಡಿಮಿ ಮಾಡೇನಿ.”

“ಹಂಗಾರ ಬಿಡೂದ ಕಡಿಮಿ ಮಾಡೀರಿ ಅನ್ರಿ,” ಎಂದು ಹೊಳೆಪ್ಪ ಪೆಟ್ಟಿಗೆ ಇಳಿಸಿಕೊಂಡ. “ಹೆಣ್ಣಮಕ್ಕಳು ಆಗಿಂದ ಬಂದ ಕುಂತಾವ್ರಿ. ದ್ಯಾಮವ್ವನ ಗುಡಿ ಮುಂದ.”

ಬೇವಿನ ಮರದ ನೆರಳಿನಲ್ಲಿ ತಾಯಂದಿರು ಕೂಸುಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಮುಂದುಗಡೆ ಮುದುಕಿ ಶೆಟ್ಟೆವ್ವ. ಆ ಊರಿನಲ್ಲಿ ಹೆರಿಗೆ ಮಾಡಿಸುವವಳು ಅವಳೇ. ಅಲ್ಲಿದ್ದ ಕೂಸುಗಳೆಲ್ಲ ಅವಳ ಕೈಯಲ್ಲಿ ಹೊರಗೆ ಬಂದವು. ಅವಳು ಹೂಂ ಅಂದರೆ ಎಲ್ಲರೂ ಹೂಂ.

ಪರಪ್ಪ ದೀಪ ಹಚ್ಚಿ ಶಸ್ತ್ರ ಕಾಯಿಸಿದ. ಮೊದಲು ಭರಮವ್ವ ಎಂಬ ಚಿಕ್ಕ ಪ್ರಾಯದವಳು ಬಂದು ಕೂತು ಕೂಸಿನ ತೋಳು ಹಿಡಿದಳು. ತೋಳು ಅವನ ಎರಡು ಬೆರಳಿನಷ್ಟು ದಪ್ಪವಿತ್ತು. ಲಸಿ ಇಟ್ಟು, ಗೀರಲೆಂದು ಕೈ ತಂದ.

ಕೈ ನಡುಗಿತು.

ಮುಂಜಾನೆ ಹೊತ್ತೇರುತ್ತಿದ್ದಂತೆ ಅದು ನಡುಗುತ್ತಿತ್ತು. ಬಟ್ಟಲಿಗೆ ಹರಳು ಬಿದ್ದಷ್ಟೂ ಹೆಚ್ಚು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡು ಗೀರಿದ. ಗೀರು ಇರಬೇಕಾದಲ್ಲಿ ಇರದೆ ಓರೆಯಾಗಿ ಇಳಿಯಿತು. ರಕ್ತ ಬಂತು. ಕೂಸು ಉಸಿರು ಹಿಡಿದು ಅತ್ತಿತು.

ಭರಮವ್ವ ಕೂಸನ್ನು ಎದೆಗವಚಿಕೊಂಡು ಎದ್ದಳು. “ಬ್ಯಾಡ್ರಿ.”

“ಏನೂ ಆಗಿಲ್ಲ. ಕುಂದ್ರು. ಇನ್ನೊಂದ ಸಲ ಹಾಕತೇನಿ.”

“ಕೈ ನೋಡ್ರಿ ನಿಮ್ಮದು,” ಎಂದಳು ಅವಳು ಮೆಲ್ಲಗೆ, ಬೈಗುಳವಿಲ್ಲದೆ. ಅವನು ನೋಡಿಕೊಂಡ. ಯಾರದೋ ಕೈಯಂತೆ ಅದು ತೊಡೆಯ ಮೇಲೆ ಅಲುಗುತ್ತಿತ್ತು.

ಶೆಟ್ಟೆವ್ವ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಅವನ ಮುಖವನ್ನೇ ದಿಟ್ಟಿಸುತ್ತಿದ್ದಳು.

“ಹ್ವಾದ ವರ್ಷ ಹಿಂಗ ಇರಲಿಲ್ಲೋ ಯಪ್ಪಾ. ಕಣ್ಣ ಕೆಂಪಗಿದ್ದೂ, ಮೈ ತೂಗತಿತ್ತು. ಕೈ ಮಾತ್ರ ಕಲ್ಲಿನಂಗ ನಿಂತಿತ್ತು. ದ್ಯಾಮವ್ವ ಇದ್ಲು ನಿನ್ನ ಮೈಯಾಗ. ಈ ಸಲ ಬರೇ ಪೆಟಗಿ ತಗೊಂಡ ಬಂದಿ.”

“ಅದು ಅವ್ವ ಆಗಿರಲಿಲ್ಲ ಆಯಿ. ಸೆರಿ. ನಾ ಕುಡದ ಬಂದಿದ್ನಿ.”

“ನನಗ ವಾಸನಿ ಗೊತ್ತಾಗೂದಿಲ್ಲೇನು? ಅಕೀಗೂ ಸೆರೀನ ಬೇಕು. ಮಂಗಳಾರಕೊಮ್ಮೆ ಎಡಿ ಹಿಡಿಯೂದಿಲ್ಲೇನು ನಾವು? ಅಕೀನ ಹೊತಗೊಂಡ ಊರೂರು ತಿರಗಾಂವ ನೀ. ಅಕೀಗೆ ಕುಡಿಯಾಕ ಕೊಡದ ಕರಕೊಂಡ ಬಂದ್ರ ಅಕಿ ಕೂಸಿನ ಮ್ಯಾಲೆ ಸಿಟ್ಟ ತೀರಸೂದಿಲ್ಲೇನು?”

ಪರಪ್ಪ ನಕ್ಕ. ಬೆಳಗಾವಿಯ ತರಗತಿಯಲ್ಲಿ ಕಲಿಸಿದ್ದನ್ನೆಲ್ಲ ಹೇಳಿದ. ಆಕಳ ಮೈಮೇಲಿನ ಗುಳ್ಳೆಯಿಂದ ಲಸಿ ತೆಗೆಯುವುದು, ಅದು ರಕ್ತ ಸೇರುವುದು, ಆಮೇಲೆ ರೋಗ ತಟ್ಟದಿರುವುದು. ತಾಯಂದಿರು ಪುರಾಣ ಕೇಳುವವರಂತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಕೇಳಿದರು. ಅವನ ಮಾತು ಮುಗಿದಾಗ ಒಬ್ಬಳು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಸಿಟ್ಟಿನಿಂದಲ್ಲ, ಹೊತ್ತಾಯಿತು, ಮನೆಯಲ್ಲಿ ಕೆಲಸವಿದೆ ಎಂಬಂತೆ.

“ಹೋಗಬ್ಯಾಡ್ರಿ,” ಎಂದ ಅವನು. “ಅಂಕಲಗಿ ಎಷ್ಟ ದೂರ ಐತಿ?”

ಅಂಕಲಗಿ ಎಷ್ಟು ದೂರವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕಾಗಿಯೇ ಅವರು ಹೋಗುತ್ತಿದ್ದರು.

ಹೊಳೆಪ್ಪ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: “ಒಂದ ಗುಟಕ ತಗೋರಿ ಡಾಕ್ಟರ್ರ. ನಿಮ್ಮೂರ ಮಂದಿಗೆ ಯಾವಾಂವ ಹೇಳಾಕ ಹೊಂಟಾನ?”

ಶೆಟ್ಟೆವ್ವ ಆಗಲೇ ಗುಡಿಯೊಳಗಿನಿಂದ ಮಣ್ಣಿನ ಬಟ್ಟಲು ತಂದಿದ್ದಳು. ದೇವಿಯ ಮುಂದಿಟ್ಟದ್ದು, ಮೇಲೆ ಬೇವಿನ ಎಲೆಯೊಂದು ತೇಲುತ್ತಿತ್ತು. ಅದರಲ್ಲಿ ಹರಳುಗಳಿರಲಿಲ್ಲ.

ಆಗ ಪರಪ್ಪನ ತಲೆಯಲ್ಲಿ ವಾದ ಸುರುವಾಯಿತು. ಕಲಿತ ತಲೆ; ಎಷ್ಟು ಬೇಕಾದರೂ ವಾದಿಸುತ್ತದೆ. ಸಂಜೆ ಕುಡಿಯುವುದನ್ನೇ ಈಗ ಕುಡಿದೆನೆಂದುಕೊಂಡರಾಯಿತು. ಅಲ್ಲಿ ಐದು ಮನೆಯವರು ಒಂದು ಹೊತ್ತು ಉಪವಾಸವಿದ್ದರೆ ಸಾಯುವುದಿಲ್ಲ, ಇಲ್ಲಿ ಲಸಿ ಇಲ್ಲದಿದ್ದರೆ ಕೂಸುಗಳು ಸಾಯಬಹುದು. ಎರಡೂ ಕಡೆಯವರು ಮೂಢರು, ನಡುವೆ ತಾನೊಬ್ಬನೇ ತಿಳಿದವನು. ಎಲ್ಲವೂ ಸರಿಯಾಗಿತ್ತು. ಇಷ್ಟು ಸರಿಯಾಗಿದ್ದದ್ದೇ ಅವನಿಗೆ ಹೇಸಿಕೆ ತಂದಿತು. ಕೂಸುಗಳು ಇಲ್ಲದಿದ್ದರೂ ಬೇರೆ ಏನಾದರೂ ಸಿಗುತ್ತಿತ್ತಲ್ಲವೇ?

ಭರಮವ್ವ ಮರದಾಚೆ ನಿಂತು ಕೂಸಿನ ತೋಳನ್ನು ಸೆರಗಿನಿಂದ ಒತ್ತುತ್ತಿದ್ದಳು. ಹೋಗಿರಲಿಲ್ಲ.

ಅವನು ಬಟ್ಟಲು ತೆಗೆದುಕೊಂಡು ಕುಡಿದ. ಎಲೆಯನ್ನು ತುಟಿಯಿಂದ ಸರಿಸಬೇಕಾಯಿತು. ಸುಖವಾಗುತ್ತದೆಂದು ಕಾದ. ತಪ್ಪು ಮಾಡಿದೆನೆಂಬ ಉರಿಯಾದರೂ ಬರುತ್ತದೆಂದು ಕಾದ. ಎರಡೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈ ನಿಂತಿತು, ಅಷ್ಟೇ.

ತಾಯಂದಿರು ತಿರುಗಿ ಬಂದು ಕೂತರು. ಒಂದರ ಹಿಂದೆ ಒಂದು ತೋಳು ಅವನ ಮುಂದೆ ಬಂತು. ಒರೆಸು, ಲಸಿ ಇಡು, ಗೀರು. ಗೀರುಗಳು ಅಚ್ಚು ಹೊಡೆದಂತೆ ಬಿದ್ದವು. ಭರಮವ್ವನ ಕೂಸಿಗೆ ಇನ್ನೊಂದು ತೋಳಿಗೆ ಹಾಕಿದ. ಅವಳು ಈಗ ಅವನ ಕೈ ನೋಡಲಿಲ್ಲ, ಕಣ್ಣು ನೋಡಿದಳು. ಅಲ್ಲಿ ಏನು ಕಂಡಳೋ, ಹಣೆ ಬಾಗಿಸಿದಳು.

ಎಲ್ಲ ಮುಗಿದ ಮೇಲೆ ಶೆಟ್ಟೆವ್ವ ಬಂದು ಅವನ ಕಾಲಿಗೆ ತಲೆ ಹಚ್ಚಿದಳು. ಅವಳ ನೆತ್ತಿಯ ಬೋಳು, ಅದರ ಸುತ್ತಲಿನ ತೆಳು ಬಿಳಿಗೂದಲು ಅವನಿಗೆ ಕಂಡಿತು. ತನಗಲ್ಲ, ತನ್ನೊಳಗೆ ಇಲ್ಲದ ಯಾರಿಗೋ ಅವಳು ನಮಸ್ಕರಿಸುತ್ತಿದ್ದಳು. ಅಲ್ಲಿ ಮುದಲಗಿಯಲ್ಲಿ ನಾಲ್ವರು ಕಾಯುತ್ತಿದ್ದದ್ದೂ ಹಾಗೆಯೇ ಯಾರಿಗೋ. ಇವರಿಬ್ಬರ ನಡುವೆ ಸೈಕಲ್ಲು ತುಳಿಯುವವನು ಯಾರು ಎಂದು ಯೋಚಿಸಿದ. ಸುಸ್ತಾಯಿತು.

“ಏಳ ಆಯಿ,” ಎಂದ.

ದಾರಿಯಲ್ಲಿ ಹಳ್ಳ ಸಿಕ್ಕಿತು. ಇಳಿದು ಬಾಯಿ ಮುಕ್ಕಳಿಸಿದ. ಬೇವಿನ ಕಡ್ಡಿ ಅಗಿದ. ಆಮೇಲೆ ತನ್ನ ಮೇಲೇ ನಗು ಬಂತು. ಬಾಯಿ ಮೂಸಿ ನೋಡುವವರು ಯಾರೂ ಇರಲಿಲ್ಲ. ದುಂಡಪ್ಪ ಪದ್ಯ ಹಾಡುತ್ತಾನೆ, ತಾನು ಅರ್ಥ ಹೇಳಿದರೆ ಮುಗಿಯಿತು. ಐದೂ ಮನೆಯವರು ಉಣ್ಣುತ್ತಾರೆ. ಕೂಸುಗಳಿಗೆ ಲಸಿಯಾಯಿತು, ಓಣಿಯವರಿಗೆ ಊಟವಾಯಿತು. ಒಂದು ಸುಳ್ಳಿನಿಂದ ಇಷ್ಟು ಜನಕ್ಕೆ ಒಳಿತಾಗುವುದಾದರೆ ಅದು ಸುಳ್ಳಾದರೂ ಹೇಗಾದೀತು? ಹೇಳುವುದೆಂದು ನಿಶ್ಚಯಿಸಿಕೊಂಡೇ ಅವನು ಮುದಲಗಿ ಸೇರಿದ.

ಹೊತ್ತು ಮುಳುಗುತ್ತಿತ್ತು. ದುಂಡಪ್ಪನ ಪಡಸಾಲೆಯಲ್ಲಿ ದೀಪ ಹಚ್ಚಿದ್ದರು. ವೀರಪ್ಪ, ಮಾಲಿಂಗಪ್ಪ ಗೋಡೆಗೆ ಆತು ಕೂತಿದ್ದರು. ಲಿಂಗದ ಮನೆಯವನಲ್ಲದ ಲಕ್ಕಪ್ಪ ಎಂದಿನಂತೆ ಹೊಸ್ತಿಲಿನಾಚೆ ಕಟ್ಟೆಯ ಮೇಲೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ, ಝುಣಕದ ಒಗ್ಗರಣೆ. ಮಕ್ಕಳು ಗಂಗಾಳ ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದವು.

“ಬಂದ ಕಾಕಾ,” ಎಂದಿತು ಒಂದು. “ಅವ್ವಾ, ಬಂದ.”

“ಕೈಕಾಲ ತೊಳಕೊಂಡ ಕುಂದ್ರಪಾ,” ಎಂದ ದುಂಡಪ್ಪ. “ದಣದ ಬಂದಿ. ಇವತ್ತ ಒಂದ ಪದ್ಯ ಸಾಕು.”

“ಆತ್ರಿ ಕಾಕಾ.”

ದುಂಡಪ್ಪ ಹಣೆಗೆ ವಿಭೂತಿ ತೀಡಿಕೊಂಡು, ಸುತ್ತಿದ ಬಟ್ಟೆ ಬಿಚ್ಚಿ ಗ್ರಂಥ ತೆರೆದ. ಅದನ್ನು ಅವನು ನೋಡುತ್ತಿರಲಿಲ್ಲ, ತೆರೆದಿಡುವುದು ಮರ್ಯಾದೆಗೆ. ಕಣ್ಣು ಮುಚ್ಚಿ ಹಾಡಿದ. ಬಡ ಶರಣನೊಬ್ಬನ ಗುಡಿಸಲಿಗೆ ದೇವರು ಭಿಕ್ಷುಕನಾಗಿ ಬಂದು, ಬಾಗಿಲಲ್ಲಿ ನಿಂತು, ಒಳಗೆ ಯಾರಿದ್ದೀರಿ ಎಂದು ಕೇಳುವ ಪದ್ಯ. ಮುದುಕನ ದನಿ ಮೇಲೇರುವಲ್ಲಿ ಸ್ವಲ್ಪ ಒಡೆಯಿತು. ಒಡೆದಲ್ಲೇ ಚೆಂದವಿತ್ತು. ಮಕ್ಕಳು ಕೂಡ ಗಂಗಾಳ ಬಡಿಯುವುದನ್ನು ಬಿಟ್ಟವು.

ಹಾಡು ನಿಂತಿತು. ಎಲ್ಲರೂ ಪರಪ್ಪನ ಕಡೆ ತಿರುಗಿದರು.

ಅರ್ಥ ಅವನಿಗೆ ಗೊತ್ತಿತ್ತು. ಹೊರಗೆ ನಿಂತವನೂ ನೀನೇ, ಒಳಗಿರುವವನೂ ನೀನೇ ಎಂದು ಶರಣ ಉತ್ತರ ಕೊಡುತ್ತಾನೆ. ಎಷ್ಟೋ ಸಲ ಹೇಳಿದ್ದ. ಹೇಳಿದಾಗ ದುಂಡಪ್ಪನ ಹೆಂಡತಿ ಗೌರವ್ವ ಒಳಗೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಈಗಲೂ ವಾಕ್ಯ ಸಿದ್ಧವಾಗಿ ನಾಲಿಗೆಯ ಮೇಲೆ ಬಂದು ನಿಂತಿತು. ಕುಡಿದದ್ದರಿಂದ ಮಾತು ಇನ್ನೂ ಸರಾಗವಾಗಿ ಹರಿಯುವುದಿತ್ತು.

ಅವನು ಬಾಯಿ ತೆರೆದ. ಸುಳ್ಳು ಹೇಳುವುದಕ್ಕೂ ಒಂದು ಹುರುಪು ಬೇಕು. ಅದು ಇರಲಿಲ್ಲ.

“ಇವತ್ತ ಬ್ಯಾಡ್ರಿ ಕಾಕಾ,” ಎಂದ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ದುಂಡಪ್ಪ ಕಣ್ಣು ತೆರೆಯಲು ಹೊತ್ತು ಹಿಡಿಯಿತು. “ಮೈಯಾಗ ಆರಾಮಿಲ್ಲೇನ?” ಎಂದು ಕೇಳಿದ. ಹೂಂ ಅಂದರೂ ನಡೆಯುತ್ತಿತ್ತು. ಮುದುಕ ಆ ಬಾಗಿಲನ್ನೂ ತೆರೆದಿಟ್ಟಿದ್ದ.

“ಆರಾಮ ಅದೇನಿ.”

“ಹಂಗಾದ್ರ…”

“ಕಲ್ಲೋಳ್ಯಾಗ ಕೂಸುಗಳಿಗೆ ಹಾಕೂ ಮುಂದ ಕೈ ನಿಲ್ಲಲಿಲ್ರಿ. ಅದಕ್ಕ…”

“ಯಾಕ ಅಂತ ನಾ ಕೇಳಲಿಲ್ಲಪಾ.”

ಬೈಗುಳ ಬರಬಹುದೆಂದು ಪರಪ್ಪ ತಲೆ ತಗ್ಗಿಸಿ ಕೂತ. ಬೈದರೆ ತಾನೂ ಏನಾದರೂ ಹೇಳಬಹುದಿತ್ತು. ಕೂಸುಗಳ ಲೆಕ್ಕ, ಅಂಕಲಗಿಯ ಲೆಕ್ಕ ಎಲ್ಲ ಬಾಯಲ್ಲಿತ್ತು. ದುಂಡಪ್ಪ ಗ್ರಂಥವನ್ನು ಬಟ್ಟೆಯಲ್ಲಿ ಸುತ್ತಿದ. ಗಂಟು ಹಾಕಿದ. ಗಂಟು ಸಡಿಲಾಯಿತೆಂದು ಬಿಚ್ಚಿ ಮತ್ತೆ ಹಾಕಿದ. ಆಮೇಲೆ ಒಳಗಿನ ಕಡೆ ಮುಖ ಮಾಡಿ, “ಗೌರವ್ವಾ,” ಎಂದ. ಅಷ್ಟೇ.

ಒಳಗೆ ತಂಬಿಗೆ ನೀರಲ್ಲಿ ಅದ್ದಿದ ಸಪ್ಪಳವಾಯಿತು. ಕೆಂಡದ ಮೇಲೆ ನೀರು ಬಿದ್ದು ಚುಂಯ್ ಎಂದಿತು. ಹಸಿ ಬೂದಿಯ ವಾಸನೆ ಪಡಸಾಲೆಗೆ ಬಂತು.

ಮಕ್ಕಳಿಗೆ ಏನೂ ತಿಳಿಯಲಿಲ್ಲ. ಮಾಲಿಂಗಪ್ಪ ಎದ್ದು ತನ್ನ ಮಗಳ ಕೈಯಿಂದ ಗಂಗಾಳ ತೆಗೆದುಕೊಂಡ. “ನಡಿ ಅವ್ವಿ.” ಅವಳು, “ಉಂಡ ಹೋಗೂಣಲ್ಲಪ್ಪಾ?” ಎಂದಳು. ಅವನು ಅವಳನ್ನು ಎತ್ತಿಕೊಂಡು ಹೊರಟ. ವೀರಪ್ಪ ಪರಪ್ಪನ ಹೆಗಲ ಮೇಲೆ ಒಮ್ಮೆ ಕೈಯಿಟ್ಟು ಹೋದ.

ಲಕ್ಕಪ್ಪ ಕಟ್ಟೆಯಿಂದ ಇಳಿದ. “ನಮ್ಮ ಮನ್ಯಾಗ ಮಾಂಸಕ್ಕ ಇಟ್ಟಿದ್ರು. ಅರ್ಧ ಬೆಂದಿರಬೇಕು,” ಎಂದ ತನಗೆ ತಾನೇ ಎಂಬಂತೆ. “ಇರಲಿ. ನಾಯಿಗಾತು.” ಸ್ವಲ್ಪ ನಿಂತು ಕೇಳಿದ: “ಬಟ್ಟಲ ಬೇಕೇನ್ರಿ ಡಾಕ್ಟರ್ರ? ನಿಮ್ಮ ಪಾಲಿಂದು ಐತಿ.”

“ಬ್ಯಾಡ.”

“ಬ್ಯಾಡ ಅಂದ್ರ ಬ್ಯಾಡ,” ಎಂದು ಹೊರಟ. ಈ ಸಲ ಅವನ ಮಾತಿಗೆ ನಗಲು ಯಾರೂ ಉಳಿದಿರಲಿಲ್ಲ.

ಪರಪ್ಪ ಬೀದಿಗೆ ಬಂದ. ಮಾಳಿಗೆಮನೆಗಳ ಮೇಲೆ ಇನ್ನೂ ಬೂದುಬೆಳಕಿತ್ತು. ವೀರಪ್ಪನ ಮನೆಯ ಬೆಳಕಿಂಡಿಯಿಂದ ಬೆಳ್ಳನೆಯ ಹಬೆಯೊಂದು ಎದ್ದು ನಿಂತಿತು. ಆಮೇಲೆ ಮಾಲಿಂಗಪ್ಪನ ಮನೆಯಿಂದ. ಓಣಿಯ ತುದಿಯಲ್ಲಿ ಲಕ್ಕಪ್ಪನ ಹಟ್ಟಿಯಿಂದ. ಚುಂಯ್ ಎಂಬ ಸಪ್ಪಳ ಒಂದು ಮನೆಯಿಂದ ಇನ್ನೊಂದು ಮನೆಗೆ ನಡೆದುಕೊಂಡು ಹೋದಂತೆ ಕೇಳಿತು. ಅದರ ಹಿಂದೆಯೇ ಮಕ್ಕಳ ಅಳು. ಕಲ್ಲೋಳಿಯ ಕೂಸುಗಳೂ ಈ ಹೊತ್ತಿಗೆ ಗೀರು ಉರಿದು ಅಳುತ್ತಿರಬೇಕು. ಎರಡು ಅಳುಗಳನ್ನು ತೂಗಿ ನೋಡಬೇಕೆಂದು ಒಂದು ಕ್ಷಣ ಅನಿಸಿತು. ಆಮೇಲೆ ಅದೂ ಬೇಡವಾಯಿತು.

ತನ್ನ ಮನೆಯ ಬೆಳಕಿಂಡಿಯಿಂದ ಹಬೆ ಏಳಲಿಲ್ಲ.

ಬಾಗಿಲು ತೆರೆದಿತ್ತು. ಅವನು ಹೊರಗೇ ನಿಂತ. ಒಳಗೆ ಒಲೆ ಉರಿಯುತ್ತಿತ್ತು. ಸುದ್ದಿ ಬಂದಾಗಿತ್ತು, ಸಾವಂತ್ರೆವ್ವ ಎರಡೂ ಕೈಯಲ್ಲಿ ಕೊಡ ಎತ್ತಿಕೊಂಡು ಒಲೆಯ ಮುಂದೆ ನಿಂತಿದ್ದಳು. ಬೆಂಕಿ ಅವಳ ಗದ್ದ, ಮೂಗು, ಬೆವರಿದ ಕುತ್ತಿಗೆಗಳನ್ನು ಬೆಳಗುತ್ತಿತ್ತು. ಅವಳು ಒಲೆಯನ್ನು ನೋಡುತ್ತಿರಲಿಲ್ಲ. ಬಾಗಿಲ ಕಡೆಗೂ ನೋಡುತ್ತಿರಲಿಲ್ಲ. ತನ್ನ ಮುಖದಲ್ಲಿ ಅವಳು ಏನಾದರೂ ನೋಡಬೇಕಿತ್ತೇನೋ. ಒಂದು ಮಾತು ಹೇಳಿದರೆ ತಿರುಗುತ್ತಿದ್ದಳೇನೋ.

ಕೊಡ ಬಾಗಿತ್ತು. ನೀರು ಅದರ ಅಂಚಿನ ತನಕ ಬಂದು, ಉಬ್ಬಿ, ಬೆಂಕಿಯ ಬೆಳಕಿನಲ್ಲಿ ಕೆಂಪಗೆ ಹೊಳೆಯುತ್ತ ನಿಂತಿತ್ತು. ಬೀಳಲಿಲ್ಲ. ಅವಳು ಸುರಿಯಲೂ ಇಲ್ಲ, ಇಳಿಸಲೂ ಇಲ್ಲ.

ಪರಪ್ಪ ಆ ನೀರನ್ನೇ ನೋಡುತ್ತ ನಿಂತ. ಅವನಿಗೆ ತುಂಬ ನೀರಡಿಕೆಯಾಗಿತ್ತು.